ಹತ್ಯಾರದ ವಹಿ



ಇಂದು ನಾನು ಬೀಜದ ಮಾತು ಆಡಲು ಬಂದಿಲ್ಲ, ಗೊಬ್ಬರದ ಮಾತೂ ಅಲ್ಲ. ಬೀಜ-ಗೊಬ್ಬರಗಳನ್ನು ಹೊಲಕ್ಕೆ ಮುಟ್ಟಿಸುವ ಹತ್ಯಾರಗಳ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಹತ್ಯಾರ ಮಾಡುವ, ಮುರಿದುದನ್ನು ತಿದ್ದುವ ತಿಳಿವಳಿಕೆ ನಮ್ಮ ಊರುಗಳಲ್ಲಿ ಯಾರ ಯಾರ ಹತ್ತಿರ ಇದೆ? ಅದನ್ನು ಒಂದೆಡೆ ಕೂಡಿಡುವುದು ಹೇಗೆ? ಇದೇ ಇಂದಿನ ವಿಷಯ.

ರೋಣ, ನರಗುಂದ ಭಾಗದ ಎರೆ ಹೊಲದ ಸ್ವಭಾವವನ್ನು ನಿಮಗೆ ನಾನು ಹೇಳಿಕೊಡಬೇಕಾದುದಿಲ್ಲ. ಮಳೆ ಬಿದ್ದ ಮರುದಿನ ಕಾಲಿಟ್ಟರೆ ಕಾಲು ಹುಗಿಯುತ್ತದೆ. ಬಿಸಿಲು ಹತ್ತಿ ಹದ ಮೀರಿದರೆ ನೆಲ ಕಲ್ಲಾಗುತ್ತದೆ. ಇವೆರಡರ ನಡುವೆ ಬಿತ್ತಿಗೆಗೆ ಸರಿಯಾದ ಹದ ಇರುವುದು ಕೆಲವೇ ದಿನ. ಉತ್ತರಿ ಮಳೆ, ಹಸ್ತದ ಮಳೆ ಆಗಿ ಹೋದ ಮೇಲೆ ಹಿಂಗಾರಿ ಜೋಳ, ಕಡಲೆ, ಕುಸುಬಿಗೆ ಮುಂದೆ ಮೇಲಿನ ನೀರು ಸಿಗುತ್ತದೆಂಬ ಭರವಸೆ ಇಲ್ಲ. ಕಾಲುವೆಯ ನೀರು ಹತ್ತದ ಹೊಲದಲ್ಲಿ ನೆಲದೊಳಗೆ ಕೂತ ತೇವವೇ ಪೈರಿಗೆ ಮೂರು ನಾಲ್ಕು ತಿಂಗಳ ಬುತ್ತಿ. ಬಿತ್ತಿಗೆ ನಾಲ್ಕು ದಿನ ತಡವಾದರೆ ಬುತ್ತಿಯಲ್ಲಿ ನಾಲ್ಕು ದಿನದ ಊಟ ಕಡಿಮೆಯಾದಂತೆ.

ಇಂಥ ಸಮಯದಲ್ಲಿಯೇ ಕೂರಿಗೆಯ ತಾಳು ಮುರಿಯುತ್ತದೆ, ಟ್ರ್ಯಾಕ್ಟರದ ಬಿತ್ತುವ ಯಂತ್ರದ ಒಂದು ಕೊಳವೆ ಕಟ್ಟಿಕೊಂಡು ಸಾಲು ಖಾಲಿ ಹೋಗುತ್ತದೆ. ಆಗ ಎಲ್ಲ ಊರುಗಳಲ್ಲಿ ನಡೆಯುವ ಮಾತು ಸುಮಾರಾಗಿ ಹೀಗಿರುತ್ತದೆ:

“ಕಾಕಾ, ಕೂರಿಗಿ ತಾಳ ಮತ್ತ ಅಲ್ಲೇ ಮುರೀತು ನೋಡ್ರಿ.”

“ಹಿಂದಕೂ ಹಿಂಗ ಆಗಿತ್ತಲ್ಲೋ ತಮ್ಮಾ. ಆಗ ನಿಮ್ಮ ಅಪ್ಪಗ ಬಡಿಗೇರ ಅಜ್ಜ ಏನೋ ಒಂದು ಉಪಾಯ ಹೇಳಿಕೊಟ್ಟಿದ್ದ. ಆಮೇಲೆ ಹತ್ತು ವರ್ಷ ಮುರೀಲಿಲ್ಲ.”

“ಏನು ಉಪಾಯರಿ ಅದು?”

“ಅದು ಅವರಿಬ್ಬರಿಗೇ ಗೊತ್ತಿತ್ತು. ಇಬ್ಬರೂ ಈಗ ಇಲ್ಲ.”

ನೋಡಿದಿರಾ? ಉಪಾಯ ಊರಲ್ಲಿಯೇ ಹುಟ್ಟಿತ್ತು, ಊರಲ್ಲಿಯೇ ಹತ್ತು ವರ್ಷ ಬಾಳಿತ್ತು. ಆದರೆ ಬೇಕಾದ ದಿನ ಊರಿಗೇ ಸಿಗಲಿಲ್ಲ. ಹೊರಗಿನಿಂದ ಹೊಸ ವಿದ್ಯೆ ತರುವುದು ಒಳ್ಳೆಯದೇ. ಆದರೆ ಇದ್ದ ವಿದ್ಯೆಯನ್ನು ಕಳೆದುಕೊಂಡು, ಅದನ್ನೇ ಮತ್ತೆ ಹಣ ಕೊಟ್ಟು ಕೊಳ್ಳುವುದು ಜಾಣತನವಲ್ಲ.

ಹಾಗಾದರೆ ಈ ತಿಳಿವಳಿಕೆ ಎಲ್ಲಿದೆ? ಸ್ವಲ್ಪ ಎಣಿಸಿ ನೋಡೋಣ. ಯಾವ ಕಬ್ಬಿಣಕ್ಕೆ ಎಷ್ಟು ಕಾವು, ಯಾವುದಕ್ಕೆ ನೀರು, ಯಾವುದಕ್ಕೆ ಎಣ್ಣೆ ಎಂಬುದು ಕಮ್ಮಾರನ ಕಣ್ಣಿನಲ್ಲಿದೆ. ಜಾಲಿಯ ಕಟ್ಟಿಗೆ ಎಷ್ಟು ಒಣಗಿದ ಮೇಲೆ ದಿಂಡಿಗೆ ಬರುತ್ತದೆ ಎಂಬುದು ಬಡಿಗನ ಕೈಯಲ್ಲಿದೆ. ಟ್ರ್ಯಾಕ್ಟರದ ಸದ್ದು ಬದಲಾದರೆ ಏನು ಕೆಟ್ಟಿದೆಯೆಂಬುದು ಡ್ರೈವರನ ಕಿವಿಗೆ ಗೊತ್ತು. ಪಂಪ್‌ಸೆಟ್ಟು ರಿಪೇರಿ ಮಾಡುವವನು ಹತ್ತಾರು ಹಳ್ಳಿಗಳ ಮೋಟರುಗಳ ರೋಗ ಬಲ್ಲ. ಕೂರಿಗೆಯ ಹಿಂದೆ ನಡೆದು ಅಕ್ಕಡಿ ಕಾಳು ಬಿಡುವ ತಾಯಿಗೆ, ಯಾವ ಕಾಳು ಕೊಳವೆಯಲ್ಲಿ ಸಿಕ್ಕುತ್ತದೆ, ಯಾವುದು ಸಲೀಸಾಗಿ ಜಾರುತ್ತದೆ ಎಂಬುದು ಬೆರಳಿನಿಂದಲೇ ತಿಳಿಯುತ್ತದೆ. ಹೀಗೆ ಒಂದೇ ಊರಿನ ವಿದ್ಯೆ ಹತ್ತು ಮನೆಗಳಲ್ಲಿ ಹಂಚಿಹೋಗಿದೆ.

ಮೊದಲು ಇದನ್ನು ಬರೆದಿಡುವ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. ಆಯದ ಕಾಳು ಪಡೆದು ಕಮ್ಮಾರ, ಬಡಿಗ ಊರಲ್ಲಿಯೇ ಇರುತ್ತಿದ್ದರು. ಮಗ ತಂದೆಯ ಪಕ್ಕದಲ್ಲಿ ತಿದಿ ಒತ್ತುತ್ತ ಕಲಿಯುತ್ತಿದ್ದ. ಈಗ ಆ ಪದ್ಧತಿ ಬಹುಮಟ್ಟಿಗೆ ಸಡಿಲಾಗಿದೆ. ಮಕ್ಕಳು ಹುಬ್ಬಳ್ಳಿಗೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹೋಗಬಾರದೆಂದು ಯಾರೂ ಹೇಳುವಂತಿಲ್ಲ. ಆದರೆ ಅಜ್ಜನ ಕೈಯ ವಿದ್ಯೆ ಮೊಮ್ಮಗನಿಗೆ ದಾಟುತ್ತಿದ್ದ ಹಾದಿ ಮುಚ್ಚುತ್ತಿದೆ. “ನಮ್ಮ ಹುಡುಗರು ಮೊಬೈಲಿನ ಗುಂಪಿನೊಳಗ ಎಲ್ಲಾ ಚಿತ್ರ ಹಾಕ್ತಾರಲ್ಲರಿ” ಎನ್ನುವಿರಿ. ಹಾಕುತ್ತಾರೆ, ಸಂತೋಷ. ಆದರೆ ಅಲ್ಲಿ ಹಾಕಿದ ಒಳ್ಳೆಯ ಉಪಾಯ ಒಂದು ವಾರದಲ್ಲಿ ಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ಮುಂದಿನ ವರ್ಷ ಬಿತ್ತಿಗೆಯ ದಿನ ಅದನ್ನು ಹುಡುಕಿ ತೆಗೆಯುವವರು ಯಾರು? ಕೂಡಿಹಾಕುವುದು ಬೇರೆ, ಬೇಕಾದಾಗ ಸಿಗುವಂತೆ ಜೋಡಿಸಿಡುವುದು ಬೇರೆ.

ಜೋಡಿಸಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಹಳೆಯ ಉದಾಹರಣೆ ಇದೆ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಳಾಗಿ ಸಹಕಾರ ಸಂಘವನ್ನು ಕಟ್ಟಿದರು. ಊರಿನ ಮನೆಮನೆಗಳಲ್ಲಿ ಚೂರುಚೂರಾಗಿದ್ದ ಹಣ ಒಂದು ವಹಿಯಲ್ಲಿ, ಎಲ್ಲರಿಗೂ ಕಾಣುವ ಲೆಕ್ಕದಲ್ಲಿ ಸೇರಿದಾಗ, ಅದೇ ಹಣ ಕಷ್ಟದಲ್ಲಿದ್ದವನಿಗೆ ಸಾಲವಾಗಿ ಒದಗಿತು. ಹಣಕ್ಕೆ ನಡೆದದ್ದು ವಿದ್ಯೆಗೂ ನಡೆಯುತ್ತದೆ. ವಿದ್ಯೆಯದು ಇನ್ನೂ ಒಂದು ಹೆಚ್ಚಿನ ಗುಣ: ಸಾಲ ಕೊಟ್ಟರೂ ಕೊಟ್ಟವನ ಗಂಟು ಕರಗುವುದಿಲ್ಲ.

ರೈತರ ಕೈಯ ವಿದ್ಯೆಯನ್ನು ಬರಹಕ್ಕೆ ಇಳಿಸಿದ ಕೆಲಸವೂ ನಮ್ಮ ನಾಡಿನಲ್ಲಿ ನಡೆದಿದೆ. ದಕ್ಷಿಣ ಕನ್ನಡದ ಪುತ್ತೂರಿನಿಂದ 1988ರಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’ ರೈತನ ಕೈಗೇ ಲೇಖನಿ ಕೊಟ್ಟಿತು. ಪಂಡಿತರು ರೈತನಿಗೆ ಹೇಳುವುದರ ಜೊತೆಗೆ, ರೈತನು ರೈತನಿಗೆ ತಾನು ಮಾಡಿ ನೋಡಿದ್ದನ್ನು ಹೇಳಿದನು. ಅಹಮದಾಬಾದಿನಲ್ಲಿ ಪ್ರೊಫೆಸರ್ ಅನಿಲ್ ಗುಪ್ತಾ ಅವರು ಇದೇ ದಿಕ್ಕಿನಲ್ಲಿ ‘ಹನಿ ಬೀ’ ಎಂಬ ಪತ್ರಿಕೆ ತೆಗೆದರು. ಜೇನುಹುಳ ಹೂವಿನಿಂದ ರಸ ತೆಗೆದರೂ ಹೂವು ಬಡವಾಗುವುದಿಲ್ಲ, ಒಂದು ಹೂವನ್ನು ಇನ್ನೊಂದಕ್ಕೆ ಕೂಡಿಸುತ್ತದೆ ಎಂಬುದು ಅದರ ಹೆಸರಿನ ಅರ್ಥ. ಅದರ ಕನ್ನಡ ರೂಪಕ್ಕೆ ‘ಹಿತ್ತಲಗಿಡ’ ಎಂದು ಹೆಸರಿಟ್ಟರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಹಿತ್ತಲ ಗಿಡವೇ ಮದ್ದು ಎಂದು ತೋರಿಸುವುದು ಅವರ ಉದ್ದೇಶ. ಅವರು ಎರಡು ನಿಯಮ ಪಾಲಿಸಿದರು. ಉಪಾಯ ಹೇಳಿದವನ ಹೆಸರು ಬರೆಯದೆ ಏನನ್ನೂ ಅಚ್ಚು ಹಾಕಬಾರದು. ಅವನಿಂದ ಪಡೆದದ್ದನ್ನು ಅವನ ಭಾಷೆಯಲ್ಲಿಯೇ ಅವನಿಗೆ ತಿರುಗಿ ಮುಟ್ಟಿಸಬೇಕು. ಈ ಎರಡು ನಿಯಮಗಳನ್ನು ನಾವೂ ಗಟ್ಟಿಯಾಗಿ ಹಿಡಿಯತಕ್ಕದ್ದು.

ಇನ್ನೂ ಹತ್ತಿರ ಬರೋಣ. ನರಗುಂದದಿಂದ ದೂರವಲ್ಲದ ಅಣ್ಣಿಗೇರಿಯ ಅಬ್ದುಲ್ ಖಾದರ ನಡಕಟ್ಟಿನ ಅವರ ಹೆಸರು ನಿಮ್ಮಲ್ಲಿ ಹಲವರಿಗೆ ತಿಳಿದಿರಬೇಕು. ಹುಣಸೆಹಣ್ಣಿನ ಬೀಜ ಬೇರ್ಪಡಿಸುವ ಯಂತ್ರ, ಬೀಜ-ಗೊಬ್ಬರ ಕೂಡಿಯೇ ಬಿತ್ತುವ ಕೂರಿಗೆ, ಉಳುವ ಬ್ಲೇಡು ತಯಾರಿಸುವ ಯಂತ್ರ ಮೊದಲಾದವನ್ನು ಅವರು ಒಕ್ಕಲುತನ ಮಾಡುತ್ತಲೇ ಕಂಡುಹಿಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥವರ ಕೆಲಸ ದಿಲ್ಲಿಯವರೆಗೆ ಮುಟ್ಟಿತು. ಆದರೆ ನಿಮ್ಮ ಊರಲ್ಲಿ ಒಬ್ಬ ಕಮ್ಮಾರ ಎಡೆಕುಂಟೆಯ ಕುಡವನ್ನು ಅರ್ಧ ಬೆರಳು ಹೆಚ್ಚು ಬಾಗಿಸಿ, ಕಸ ಸಿಕ್ಕದಂತೆ ಮಾಡಿದ್ದರೆ, ಅದು ದಿಲ್ಲಿಗೆ ಹೋಗಬೇಕಾಗಿಲ್ಲ. ಪಕ್ಕದ ಓಣಿಗೆ ಹೋದರೆ ಸಾಕು. ಅದಕ್ಕೆ ಬೇಕಾದುದು ಒಂದು ಪುಟ ಕಾಗದ.

ಈಗ ಮಾಡುವ ಬಗೆಯನ್ನು ಹೇಳುತ್ತೇನೆ.

ಮೊದಲನೆಯದಾಗಿ, ಊರಿಗೆ ಒಂದು ವಹಿ ಮಾಡಿರಿ. ಹೊಲಿದ ವಹಿಗಿಂತ ಹಾಳೆ ಸೇರಿಸಲು, ತೆಗೆಯಲು ಬರುವ ಗಟ್ಟಿ ಫೈಲು ಲೇಸು. ಒಂದು ತೊಂದರೆಗೆ ಒಂದು ಹಾಳೆ. ಹಾಳೆಯ ಮುಂದಿನ ಮಗ್ಗುಲಲ್ಲಿ ಮಾತ್ರ ಬರೆಯಿರಿ, ಹಿಂದಿನ ಮಗ್ಗುಲು ಖಾಲಿ ಇರಲಿ. ಮುಂದೆ ಯಾರಾದರೂ “ನಾನು ಬೇರೆ ತರಹ ಮಾಡಿ ನೋಡಿದೆ” ಎಂದರೆ ಬರೆಯಲು ಅಲ್ಲಿ ಜಾಗ ಬೇಕು. ವಹಿಯನ್ನು ಸಹಕಾರಿ ಸಂಘದ ಕಚೇರಿಯಲ್ಲಿ, ಇಲ್ಲವೆ ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಿ ಇಡಿರಿ. ಒಬ್ಬರ ಮನೆಯಲ್ಲಿ ಇಡಬೇಡಿರಿ. ಮನೆಯಲ್ಲಿಟ್ಟ ವಹಿ ಎಷ್ಟೇ ಒಳ್ಳೆಯವರದಾದರೂ ಎಲ್ಲರೂ ಬಂದು ಕೇಳಲು ಹಿಂಜರಿಯುತ್ತಾರೆ. ಪ್ರತಿ ಹಾಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟರೆ, ಮಳೆ-ಗೆದ್ದಲುಗಳಿಂದ ಮೂಲ ಹಾಳಾದರೂ ಪ್ರತಿ ಉಳಿಯುತ್ತದೆ.

ಎರಡನೆಯದಾಗಿ, ವಹಿಯನ್ನು ಜನರ ಹೆಸರಿನ ಮೇಲೆ ಜೋಡಿಸಬೇಡಿರಿ, ತೊಂದರೆಯ ಹೆಸರಿನ ಮೇಲೆ ಜೋಡಿಸಿರಿ. ಬಿತ್ತಿಗೆಯ ದಿನ ಓಡಿ ಬಂದವನಿಗೆ ಇಂಥವರು ಏನು ಹೇಳಿದ್ದಾರೆ ಎಂಬುದು ಬೇಡ. “ಬೀಜ ಒಂದು ಸಾಲಿನಲ್ಲಿ ಬೀಳುತ್ತಿಲ್ಲ” ಎಂಬುದಕ್ಕೆ ಉತ್ತರ ಬೇಕು. ಆದುದರಿಂದ ಬಿತ್ತುವುದು, ಎಡೆ ಹೊಡೆಯುವುದು, ನೀರು ಎತ್ತುವುದು, ಒಕ್ಕುವುದು, ಸಾಗಿಸುವುದು ಎಂದು ಕೆಲಸದ ಪ್ರಕಾರ ಐದು ಭಾಗ ಮಾಡಿರಿ. ಪ್ರತಿ ಭಾಗದೊಳಗೆ ತೊಂದರೆಗಳನ್ನು ಜನ ಆಡುವ ಮಾತಿನಲ್ಲಿಯೇ ಬರೆಯಿರಿ.

ಒಂದು ತೊಂದರೆಗೆ ಹಲವು ಕಾರಣ ಇರುತ್ತವೆ. ಅವುಗಳನ್ನು ಖರ್ಚಿಲ್ಲದೆ ನೋಡಬಹುದಾದುದು ಮೊದಲು, ಖರ್ಚಿನದು ಕೊನೆಗೆ ಎಂಬ ಕ್ರಮದಲ್ಲಿ ಬರೆಯಿರಿ. ಉದಾಹರಣೆಗೆ, ಹಳ್ಳದ ದಂಡೆಯಲ್ಲಿ ಇಟ್ಟ ಪಂಪು ಓಡುತ್ತದೆ, ನೀರು ಮಾತ್ರ ಬರುವುದಿಲ್ಲ ಎನ್ನಿ. ಪಂಪಿನಲ್ಲಿಯೂ ಹೀರುವ ಪೈಪಿನಲ್ಲಿಯೂ ನೀರು ತುಂಬಿದೆಯೆ ಎಂದು ಮೊದಲು ನೋಡಬೇಕು. ತುಂಬಿದ ನೀರು ನಿಲ್ಲದೆ ಇಳಿದುಹೋದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿರಬಹುದು. ಅದೂ ಸರಿ ಇದ್ದರೆ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿರಬಹುದು. ಮೂರು ಫೇಸಿನ ಮೋಟರಿಗೆ ಎರಡು ತಂತಿ ಅದಲುಬದಲಾಗಿದ್ದರೆ ಅದು ತಿರುವುಮುರುವಾಗಿ ತಿರುಗುತ್ತದೆ. ಇದನ್ನು ಕರೆಂಟು ತೆಗೆದು, ಬಲ್ಲವರಿಂದಲೇ ಸರಿಪಡಿಸಬೇಕು. ಕೊನೆಗೆ ನೀರಿನ ಮಟ್ಟ ನೋಡಬೇಕು. ಮೇಲೆ ಕೂಡ್ರಿಸಿದ ಪಂಪು ಸುಮಾರು 20 ಅಡಿಗಿಂತ ಹೆಚ್ಚು ಕೆಳಗಿನ ನೀರನ್ನು ಹೀರಲು ಕಷ್ಟಪಡುತ್ತದೆ. ಈ ಐದು ಸಾಲು ಕ್ರಮವಾಗಿ ಬರೆದಿದ್ದರೆ, ಕಸ ತೆಗೆಯುವುದರಲ್ಲಿ ಮುಗಿಯುವ ಕೆಲಸಕ್ಕೆ ಮೋಟರು ಬಿಚ್ಚಿ ಗಾಡಿಯಲ್ಲಿ ಹಾಕಿಕೊಂಡು ರೋಣಕ್ಕೆ ಹೋಗುವುದು ತಪ್ಪುತ್ತದೆ.

ಮೂರನೆಯದಾಗಿ, ಪ್ರತಿ ಹಾಳೆಯಲ್ಲಿ ಆರು ಸಂಗತಿ ಇರತಕ್ಕದ್ದು. ತೊಂದರೆ ಏನು? ಕಾರಣ ಏನು? ಉಪಾಯ ಏನು, ಅದರ ಅಳತೆ ಎಷ್ಟು? ಯಾವ ಹೊಲದಲ್ಲಿ, ಯಾವ ಹಂಗಾಮಿನಲ್ಲಿ ಮಾಡಿ ನೋಡಿದ್ದು? ಏನು ಮಾಡಿದಾಗ ಕೈಗೂಡಲಿಲ್ಲ? ಹೇಳಿದವರು ಯಾರು, ಬರೆದ ದಿನ ಯಾವುದು?

ಅಳತೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಗೇಣು, ಮೊಳ, ಬೆರಳು ಎಲ್ಲರವೂ ಒಂದೇ ಅಲ್ಲ. ಹಿರಿಯರು ಗೇಣಿನಲ್ಲಿ ಹೇಳಿದರೆ ಗೇಣೆಂದೇ ಬರೆಯಿರಿ, ಪಕ್ಕದಲ್ಲಿ ಇಂಚಿನಲ್ಲಿಯೂ ಅಳೆದು ಬರೆಯಿರಿ. ಹತ್ಯಾರದ ಭಾಗಗಳ ಹೆಸರು ಊರಿಂದೂರಿಗೆ ಬೇರೆಯಾದೀತು. ಸಣ್ಣದೊಂದು ಚಿತ್ರ ಬರೆದು, ನಿಮ್ಮಲ್ಲಿ ಆಡುವ ಹೆಸರನ್ನು ಅದರ ಪಕ್ಕ ಬರೆದರೆ ಗೊಂದಲವಿಲ್ಲ.

ಅಳತೆ ಸರಿ ಇದ್ದರೆ ಎಷ್ಟು ಲಾಭ ಎಂಬುದಕ್ಕೆ ಒಂದು ಹಾಳೆಯನ್ನು ಇಲ್ಲಿಯೇ ಬರೆದು ತೋರಿಸುತ್ತೇನೆ. ತೊಂದರೆ: ಟ್ರ್ಯಾಕ್ಟರದ ಬಿತ್ತುವ ಯಂತ್ರ ಎಕರೆಗೆ ಎಷ್ಟು ಕಡಲೆ ಬಿಡುತ್ತದೆ ಎಂಬುದು ಬಿತ್ತಿ ಮುಗಿಯುವವರೆಗೆ ತಿಳಿಯುವುದಿಲ್ಲ. ಉಪಾಯ: ಬೀಜದ ಹಲ್ಲುಗಳನ್ನು ತಿರುಗಿಸುವ ಗಾಲಿಯ ಸುತ್ತಳತೆಯನ್ನು ಹಗ್ಗ ಹಿಡಿದು ಅಳೆಯಿರಿ. ಒಂದೂವರೆ ಮೀಟರು ಎನ್ನೋಣ. ಯಂತ್ರಕ್ಕೆ 9 ಸಾಲು, ಸಾಲಿನ ಅಂತರ 30 ಸೆಂಟಿಮೀಟರು ಇದ್ದರೆ ಅಗಲ 2.7 ಮೀಟರು. ಗಾಲಿ ಒಂದು ಸುತ್ತು ತಿರುಗಿದರೆ ನಾಲ್ಕು ಚದರ ಮೀಟರಿಗಿಂತ ತುಸು ಹೆಚ್ಚು ನೆಲ ಬಿತ್ತಿದಂತಾಯಿತು. 50 ಸುತ್ತು ತಿರುಗಿದರೆ ಸರಿಸುಮಾರು 2 ಗುಂಟೆ. 40 ಗುಂಟೆಗೆ ಒಂದು ಎಕರೆಯಷ್ಟೆ? ಎಕರೆಗೆ 25 ಕಿಲೋ ಕಡಲೆ ಬೀಳಬೇಕಾದರೆ 2 ಗುಂಟೆಗೆ ಒಂದೂಕಾಲು ಕಿಲೋ ಬೀಳಬೇಕು. ಯಂತ್ರವನ್ನು ಮನೆಯ ಮುಂದೆಯೇ ಎತ್ತಿ ನಿಲ್ಲಿಸಿ, ಕೊಳವೆಗಳ ಕೆಳಗೆ ಚೀಲ ಕಟ್ಟಿ, ಗಾಲಿಯನ್ನು ಕೈಯಿಂದ 50 ಸುತ್ತು ತಿರುಗಿಸಿ ತೂಕ ಮಾಡಿರಿ. ಒಂದೂಕಾಲು ಕಿಲೋಕ್ಕೆ ಹೆಚ್ಚು ಬಿದ್ದರೆ ಕಿಂಡಿ ಕಿರಿದು ಮಾಡಿರಿ, ಕಡಿಮೆ ಬಿದ್ದರೆ ಹಿರಿದು ಮಾಡಿರಿ. ಒಂದೊಂದು ಕೊಳವೆಯ ಚೀಲವನ್ನು ಬೇರೆ ಬೇರೆ ತೂಗಿದರೆ ಯಾವ ಸಾಲು ಕಟ್ಟಿಕೊಂಡಿದೆ ಎಂಬುದೂ ಬಿತ್ತುವ ಮೊದಲೇ ಕಾಣುತ್ತದೆ. ನಿಮ್ಮ ಗಾಲಿಯ ಅಳತೆ, ಸಾಲಿನ ಅಂತರ ಬೇರೆ ಇದ್ದರೆ ಲೆಕ್ಕ ಬೇರೆ ಬರುತ್ತದೆ. ಆದುದರಿಂದಲೇ ಊರಿನ ಪ್ರತಿಯೊಂದು ಯಂತ್ರದ ಅಳತೆಯನ್ನೂ ವಹಿಯಲ್ಲಿ ಒಮ್ಮೆ ಬರೆದಿಡಬೇಕು. ಒಮ್ಮೆ ಅಳೆದರೆ ಅದು ಬಹುಕಾಲ ಉಪಯೋಗಕ್ಕೆ ಬರುತ್ತದೆ.

ಉಪಾಯದ ಜೊತೆಗೆ ‘ಏಕೆ’ ಎಂಬುದನ್ನೂ ಬರೆಯಿರಿ. ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಕಟ್ಟುವುದನ್ನು ನಿಮ್ಮಲ್ಲಿ ವಯಸ್ಸಾದವರು ನೋಡಿದ್ದೀರಿ. ಹಳಿಯನ್ನು ಗಾಲಿಗಿಂತ ತುಸು ಕಿರಿದು ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕಾಯಿಸಿ, ಗಾಲಿಗೆ ಕೂಡ್ರಿಸಿ ನೀರು ಸುರಿಯುತ್ತಾರೆ. ಐದು ಅಡಿ ಎತ್ತರದ ಗಾಲಿಯ ಹಳಿ, ಮಬ್ಬುಗೆಂಪು ಕಾಣುವಷ್ಟು ಕಾದಾಗ, ಸುತ್ತಳತೆಯಲ್ಲಿ ಒಂದು ಇಂಚಿಗಿಂತ ಹೆಚ್ಚು ಬೆಳೆಯುತ್ತದೆ. ತಣಿದಾಗ ಅಷ್ಟೇ ಕುಗ್ಗಿ ಕಟ್ಟಿಗೆಯ ಸಂದುಗಳನ್ನೆಲ್ಲ ಬಿಗಿದು ಹಿಡಿಯುತ್ತದೆ. ಈಗ ರಬ್ಬರ ಗಾಲಿಯ ಚಕ್ಕಡಿ ಬಂದಿವೆ, ಹಳಿ ಕಟ್ಟುವ ಕೆಲಸ ಅಪರೂಪ. ಆದರೆ ಕಾದ ಕಬ್ಬಿಣ ಬೆಳೆಯುತ್ತದೆ ಎಂಬ ಕಾರಣ ಹಳೆಯದಾಗಿಲ್ಲ. ಬಿಗಿಯಾಗಿ ಕೂತ ಬೇರಿಂಗನ್ನು ಕೂಡ್ರಿಸುವಾಗ ಮೆಕ್ಯಾನಿಕ್ ತಮ್ಮ ಅದನ್ನು ಹದವಾಗಿ ಬಿಸಿ ಮಾಡುತ್ತಾನಲ್ಲ, ಅದೂ ಇದೇ ವಿದ್ಯೆ. ಕಾರಣ ಬರೆದಿಟ್ಟರೆ ಹಳೆಯ ಹಾಳೆ ಹೊಸ ಕೆಲಸಕ್ಕೂ ಬರುತ್ತದೆ.

ಕೈಗೂಡದೆ ಹೋದದ್ದನ್ನು ಬರೆಯಲು ನಾಚಿಕೊಳ್ಳಬೇಡಿರಿ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕುಂಟೆಯ ಕುಡ ಮಾಡುವವರು ಬಹಳ. ಆ ಉಕ್ಕನ್ನು ಕೆಂಪಗೆ ಕಾಯಿಸಿ ಒಮ್ಮೆಲೆ ನೀರಿಗೆ ಅದ್ದಿದರೆ ಬಿರುಕು ಬಿಡುವ ಭಯವುಂಟು. ಎಣ್ಣೆಗೆ ಅದ್ದುವುದು ಅದಕ್ಕೆ ಸೌಮ್ಯ. ಆಮೇಲೆ ಮತ್ತೆ ಸ್ವಲ್ಪ ಬಿಸಿ ಮಾಡಿ, ಉಜ್ಜಿದ ಜಾಗದಲ್ಲಿ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಎಂದು ಬಣ್ಣ ಏರುವುದನ್ನು ಕಮ್ಮಾರ ನೋಡುತ್ತಾನೆ. ಹಳದಿಯಲ್ಲಿ ನಿಲ್ಲಿಸಿದರೆ ಅಂಚು ಗಡುಸು, ಆದರೆ ಕಲ್ಲಿಗೆ ಬಡಿದರೆ ಚಕ್ಕೆ ಏಳುತ್ತದೆ. ನೀಲಿಯವರೆಗೆ ಬಿಟ್ಟರೆ ಗಡಸುತನ ತಗ್ಗುತ್ತದೆ, ಆದರೆ ಪೆಟ್ಟು ತಾಳುತ್ತದೆ. ಕಲ್ಲಿಲ್ಲದ ನರಗುಂದದ ಎರೆಗೆ ಒಂದು ಬಣ್ಣ, ಗಜೇಂದ್ರಗಡದ ಗುಡ್ಡದ ಸೆರಗಿನ ಕಲ್ಲು ಬೆರೆತ ಮಸಾರಿಗೆ ಇನ್ನೊಂದು ಬಣ್ಣ ಬೇಕಾದೀತು. ಯಾವ ಹೊಲ ಎಂದು ಬರೆಯಬೇಕು ಎಂದು ನಾನು ಹೇಳಿದ್ದು ಇದಕ್ಕಾಗಿಯೇ. ಎರೆಯಲ್ಲಿ ಸರಿ ಹೋದದ್ದನ್ನು ಮಸಾರಿಯವನು ಕಣ್ಣು ಮುಚ್ಚಿ ಮಾಡಿದರೆ ಹಾನಿ, ಅವನು ವಹಿಯನ್ನೇ ಬೈಯುತ್ತಾನೆ.

ಹಾಗೆಂದು ಬರೆದದ್ದೆಲ್ಲ ಸತ್ಯವೆಂದು ತಿಳಿಯಲಾಗದು. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಗುರುತು ಹಾಕಿರಿ. ಬರಿಯ ಕೇಳಿ ಬರೆದದ್ದಕ್ಕೆ ಒಂದು ಚುಕ್ಕೆ, ಹೇಳಿದವರು ತಾವೇ ಮಾಡಿ ನೋಡಿದ್ದಕ್ಕೆ ಎರಡು ಚುಕ್ಕೆ, ಬೇರೊಬ್ಬರೂ ತಮ್ಮ ಹೊಲದಲ್ಲಿ ಮಾಡಿ ಸರಿಯೆಂದುದಕ್ಕೆ ಮೂರು ಚುಕ್ಕೆ. ಇಬ್ಬರು ಬಲ್ಲವರು ಒಂದೇ ಕೆಲಸಕ್ಕೆ ಎರಡು ದಾರಿ ಹೇಳಿದರೆ ವಾದ ಬೇಡ. ಎರಡನ್ನೂ ಬರೆಯಿರಿ. ತೀರ್ಪನ್ನು ಹೊಲ ಕೊಡುತ್ತದೆ.

ಈಗ ಒಂದು ಕಠಿಣವಾದ ಪ್ರಶ್ನೆಗೆ ಬರೋಣ. ನಿಮ್ಮೂರ ಕಮ್ಮಾರ ಕೇಳಬಹುದು: “ಸಾಹೇಬರ, ನನ್ನ ವಿದ್ಯಾ ಎಲ್ಲಾ ಬರಕೊಂಡು ಹೋದರ ನನ್ನ ಹೊಟ್ಟೀಪಾಡು ಏನ್ರಿ?” ಇದು ನ್ಯಾಯವಾದ ಪ್ರಶ್ನೆ. ನಕ್ಕು ಹಾರಿಸುವ ಮಾತಲ್ಲ. ಅದು ಅವನ ಮನೆಯ ಆಸ್ತಿ, ಎಷ್ಟೋ ಸಲ ಅವನಿಗಿರುವುದು ಅದೊಂದೇ ಆಸ್ತಿ. ಆದುದರಿಂದ ಅವನು ಒಪ್ಪಿ ಹೇಳಿದ್ದನ್ನು ಮಾತ್ರ ಬರೆಯತಕ್ಕದ್ದು. ಬೇಡವೆಂದುದನ್ನು ಬರೆಯಕೂಡದು. ಹೇಳಲು ಕೂತ ದಿನ ಅವನ ಕೆಲಸ ನಿಲ್ಲುತ್ತದೆ, ಆ ದಿನದ ಕೂಲಿಯನ್ನು ಊರು ಕೊಡಬೇಕು. ಹಾಳೆಯ ಮೇಲೆ ಅವನ ಹೆಸರು ಇರಬೇಕು. ಹೊರಗಿನವರು ಯಾರಾದರೂ ಆ ಹಾಳೆ ನೋಡಿ ವ್ಯಾಪಾರ ಮಾಡಲು ಬಂದರೆ ಮೊದಲು ಅವನ ಬಾಗಿಲಿಗೆ ಹೋಗಿ ಕೇಳಲಿ ಎಂದು ಮೊದಲ ಪುಟದಲ್ಲಿಯೇ ಬರೆಯಿರಿ.

ಇನ್ನೊಂದು ಮಾತನ್ನು ಆ ಅಣ್ಣನಿಗೂ ಹೇಳುತ್ತೇನೆ. ವಹಿಯಲ್ಲಿ ಬಣ್ಣದ ಹೆಸರು ಬರೆಯಬಹುದು, ಆ ಬಣ್ಣ ಹಿಡಿಯುವ ಕಣ್ಣನ್ನು ಬರೆಯಲಾಗದು. ವಹಿ ಓದಿದವನು ಕುಲುಮೆ ಹೂಡುವುದಿಲ್ಲ. ತನ್ನ ಕುಡಕ್ಕೆ ಏನು ಬೇಕೆಂದು ತಿಳಿದು, ಸರಿಯಾದ ಮಾತು ಕೇಳುತ್ತ ನಿನ್ನ ಹತ್ತಿರ ಬರುತ್ತಾನೆ. ಒಳ್ಳೆಯ ಕೆಲಸದ ಬೆಲೆ ತಿಳಿದ ಗಿರಾಕಿ ಕಸಬುದಾರನಿಗೆ ನಷ್ಟವಲ್ಲ.

ಅಪಾಯದ ಮಾತನ್ನೂ ಮರೆಯಬಾರದು. ಒಕ್ಕುವ ಯಂತ್ರ, ಟ್ರ್ಯಾಕ್ಟರದ ಹಿಂದೆ ತಿರುಗುವ ಶಾಫ್ಟು, ಕರೆಂಟಿನ ಮೋಟರು, ಈ ಮೂರರ ಹಾಳೆಗಳ ಮೇಲೆ ಕೆಂಪು ಗೆರೆ ಎಳೆಯಿರಿ. ಶಾಫ್ಟಿನ ಮೇಲಿನ ಮುಚ್ಚಳ ತೆಗೆದು ಕೆಲಸ ಮಾಡುವ, ಫ್ಯೂಜಿಗೆ ದಪ್ಪ ತಂತಿ ಸುತ್ತುವ ಉಪಾಯ ಯಾರಾದರೂ ಹೇಳಿದರೆ ಅದನ್ನು ಉಪಾಯವೆಂದು ಬರೆಯದೆ “ಮಾಡಬಾರದು” ಎಂದು ಬರೆಯಿರಿ. ಧೋತರದ ಸೆರಗು, ಸೀರೆಯ ಸೆರಗು ಶಾಫ್ಟಿಗೆ ಸಿಕ್ಕರೆ ಬಿಡಿಸಿಕೊಳ್ಳಲು ಕ್ಷಣವೂ ಸಿಗುವುದಿಲ್ಲ.

ಬರೆಯುವವರು ಯಾರು ಎಂದು ಕೇಳುವಿರಿ. ಹೈಸ್ಕೂಲಿಗೆ ಹೋಗುವ ಹುಡುಗ-ಹುಡುಗಿಯರು ಬರೆಯಲಿ. ಅಜ್ಜ ಹೇಳಲಿ, ಮೊಮ್ಮಗಳು ಬರೆಯಲಿ, ಬರೆದದ್ದನ್ನು ಅಜ್ಜನಿಗೆ ಓದಿ ಹೇಳಲಿ, ತಪ್ಪಿದ್ದರೆ ಅವನು ತಿದ್ದಲಿ. ಓದು ಬಾರದವರ ವಿದ್ಯೆ ಹೀಗೆಯೇ ಕಾಗದಕ್ಕೆ ಬರಬೇಕು.

ತಾಯಂದಿರೆ, ನಿಮ್ಮ ಹಾಳೆಗಳು ಈ ವಹಿಯಲ್ಲಿ ಇರಲೇಬೇಕು. ಕುರ್ಚಿಗಿಯ ಹಿಡಿ ಎಷ್ಟು ಉದ್ದವಿದ್ದರೆ ದಿನವಿಡೀ ಕಳೆ ತೆಗೆದರೂ ಅಂಗೈ ಬೊಕ್ಕೆ ಏಳುವುದಿಲ್ಲ, ಕುಡುಗೋಲಿನ ಬಾಗು ಎಷ್ಟಿದ್ದರೆ ಜೋಳ ಕೊಯ್ಯುವಾಗ ರಟ್ಟೆ ನೋಯುವುದಿಲ್ಲ ಎಂಬುದು ಮಾಡುವ ಕಮ್ಮಾರನಿಗಿಂತ ಹಿಡಿಯುವ ನಿಮಗೆ ಹೆಚ್ಚು ಗೊತ್ತು. ಇಷ್ಟು ದಿನ ನಿಮ್ಮನ್ನು ಯಾರೂ ಕೇಳದೆ ಇದ್ದುದರಿಂದ ನೀವೂ ಹೇಳಲಿಲ್ಲ. ಈಗ ಕೇಳುವ ವ್ಯವಸ್ಥೆಯಾಗಲಿ.

ವಹಿ ಮಾಡಿ ಕಪಾಟಿನಲ್ಲಿಟ್ಟರೆ ಅದೂ ಒಂದು ಹೂತಿಟ್ಟ ಗಂಟಾದೀತು. ವರ್ಷಕ್ಕೆ ಎರಡು ಸಲ ಅದನ್ನು ಹೊರಗೆ ತೆಗೆಯಿರಿ. ಮುಂಗಾರಿಗೆ ಮೊದಲು ಕಾರಹುಣ್ಣಿಮೆಯ ಸುಮಾರಿಗೆ ಒಮ್ಮೆ, ಹಿಂಗಾರಿಗೆ ಮೊದಲು ಗಣೇಶನ ಚವತಿಯ ಸುಮಾರಿಗೆ ಇನ್ನೊಮ್ಮೆ. ಗುಡಿಯ ಕಟ್ಟೆಯ ಮೇಲೆ ಕೂತು ಮುಂದಿನ ಹಂಗಾಮಿಗೆ ಬೇಕಾದ ಹಾಳೆಗಳನ್ನು ಗಟ್ಟಿಯಾಗಿ ಓದಿಸಿರಿ. ಕಳೆದ ಹಂಗಾಮಿನಲ್ಲಿ ಯಾರ ಹತ್ಯಾರ ಮುರಿದಿತ್ತು, ಹೇಗೆ ಸರಿಯಾಯಿತು ಎಂದು ಕೇಳಿ ಹೊಸ ಹಾಳೆ ಸೇರಿಸಿರಿ. ಉಪಯೋಗಕ್ಕೆ ಬಾರದ ಹಾಳೆಯನ್ನು ಹರಿಯಬೇಡಿರಿ, ಹಿಂದಿನ ಭಾಗಕ್ಕೆ ಸರಿಸಿ ಇಡಿರಿ.

2002ರ ಜೀವವೈವಿಧ್ಯ ಕಾಯದೆಯ ಪ್ರಕಾರ ಪಂಚಾಯತಿಗಳು ತಮ್ಮ ಊರಿನ ಗಿಡ-ಮರ, ತಳಿ, ಅವುಗಳ ತಿಳಿವಳಿಕೆಯನ್ನು ದಾಖಲೆ ಮಾಡತಕ್ಕದ್ದು ಎಂದಿದೆ. ಬೀಜಕ್ಕೆ ಒಂದು ದಾಖಲೆ ಬೇಕೆಂದರೆ ಬೀಜ ಬಿತ್ತುವ ಕೂರಿಗೆಗೂ ಒಂದು ಬೇಕಲ್ಲವೆ? ಅದಕ್ಕೆ ಸರಕಾರದ ಆಜ್ಞೆ ಬರುವವರೆಗೆ ಕಾಯಬೇಕಾಗಿಲ್ಲ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕಂಡು ಮೂರು ಚುಕ್ಕೆಯ ಹಾಳೆಗಳನ್ನು ತೋರಿಸಿರಿ. ಅವರ ಅಭಿಪ್ರಾಯವನ್ನು ಹಾಳೆಯ ಹಿಂದೆ ಬರೆದುಕೊಳ್ಳಿರಿ.

ಒಮ್ಮೆಲೆ ನೂರು ಹಾಳೆ ಬರೆಯಲು ಹೋದರೆ ಮೂರನೆಯ ದಿನಕ್ಕೆ ಬೇಸರ ಬರುತ್ತದೆ. ಈ ತಿಂಗಳು ಹತ್ತು ಹಾಳೆ ಸಾಕು. ಊರಲ್ಲಿ ಅತ್ಯಂತ ಹಿರಿಯ ಕಸಬುದಾರರು ಯಾರು ಎಂದು ನೋಡಿ, ಮೊದಲ ಹಾಳೆಯನ್ನು ಅವರ ಬಾಯಿಂದಲೇ ಬರೆಯಿಸಿರಿ. ಅವರಿಗೆ ಬಿಡುವಾದಾಗ ನೋಡೋಣ ಎನ್ನಬೇಡಿರಿ. ನಿಮಗೆ ಬಿಡುವು ಮಾಡಿಕೊಂಡು, ಒಂದು ಫೈಲು, ಒಂದು ಪೆನ್ನು, ಒಂದು ಅಳತೆಯ ಟೇಪು ಹಿಡಿದು ನಾಳೆಯೇ ಅವರ ಅಂಗಳಕ್ಕೆ ಹೋಗಿರಿ. ಮುಂದಿನ ಹಸ್ತದ ಮಳೆಗೆ ಹದ ಬಂದ ದಿನ ನಿಮ್ಮೂರಲ್ಲಿ ಯಾರದಾದರೂ ಕೂರಿಗೆ ಮುರಿದರೆ, ಉತ್ತರ ಊರ ವಹಿಯಲ್ಲಿ ಸಿಗಲಿ.